ಬಯಲು ಬಂಜರಲ್ಲ: ಎರೆಭೂತದ ಅಳಿವು ಮತ್ತು ನಮ್ಮ ಕಾವ್ಯದೃಷ್ಟಿ

ಕಾವ್ಯದಲ್ಲಿ ಪ್ರಕೃತಿಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶಕರು ಹಲವು ಬಾರಿ ಕೈಗೆತ್ತಿಕೊಂಡಿದ್ದಾರೆ. ವರ್ಣನೆಯು ರಸಕ್ಕೆ ಪೋಷಕವೋ ಬಾಧಕವೋ, ಅದು ಕೇವಲ ಅಲಂಕಾರವೋ ಅಥವಾ ಕವಿಯ ಸ್ವಾನುಭವವೋ ಎಂಬ ಜಿಜ್ಞಾಸೆ ವಿಸ್ತಾರವಾಗಿಯೇ ನಡೆದಿದೆ. ಆದರೆ ಕಾವ್ಯವು ಯಾವ ಪ್ರಕೃತಿಯನ್ನು ಕಂಡಿತು, ಯಾವುದನ್ನು ಕಾಣದೆ ಹೋಯಿತು, ಹಾಗೆ ಕಾಣದೆ ಹೋದುದರ ಫಲವೇನಾಯಿತು ಎಂಬ ವಿಚಾರವು ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಒಂದು ಹಕ್ಕಿಯ ನಿದರ್ಶನದಿಂದ ಪರಿಶೀಲಿಸಲು ಯತ್ನಿಸಲಾಗಿದೆ. ಆ ಹಕ್ಕಿ ನಮ್ಮ ನಾಡಿನದೇ. ಅದು ಇಂದು ಅಳಿವಿನ ಅಂಚಿನಲ್ಲಿದೆ.

1

ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಬಯಲಿನಲ್ಲಿ ಒಂದು ಕಾಲಕ್ಕೆ ಸಂಚರಿಸುತ್ತಿದ್ದ ಈ ಹಕ್ಕಿಗೆ ಕನ್ನಡದಲ್ಲಿ ಎರೆಭೂತ, ಎರೆಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳಿವೆ. ಮರಾಠಿಯಲ್ಲಿ ಇದು ಮಾಳಢೋಕ್, ರಾಜಸ್ಥಾನದಲ್ಲಿ ಗೋಡಾವಣ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುತ್ತಾರೆ. ಸುಮಾರು ಒಂದು ಮೀಟರ್ ಎತ್ತರ. ಗಂಡುಹಕ್ಕಿಯ ತೂಕ ಹದಿನಾಲ್ಕು ಹದಿನೈದು ಕಿಲೋಗ್ರಾಂವರೆಗೂ ಹೋಗಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಪಂಕ್ತಿಯಲ್ಲಿ ಇದು ಸೇರಿದೆ. ಮಿಡತೆ, ಜೀರುಂಡೆ, ಓತಿಕೇತ, ಹುಲ್ಲಿನ ಬೀಜ, ಕಾಡುಹಣ್ಣು ಇದರ ಆಹಾರ. ಮಳೆಯಾಶ್ರಿತ ಹೊಲಗಳಲ್ಲಿಯೂ ಇದು ಮೇಯುತ್ತದೆ. ಬೆಳೆಗೆ ಇದರಿಂದ ಆಗುವ ಹಾನಿ ಅಲ್ಪ, ಕೀಟನಾಶದ ಉಪಕಾರವೇ ಅಧಿಕ.

ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಮರದ ಮೇಲೆ ಕೂರುವುದೂ ಇಲ್ಲ. ತೆರೆದ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಟ್ಟು, ಸುಮಾರು ನಾಲ್ಕು ವಾರಗಳ ಕಾಲ ಹೆಣ್ಣುಹಕ್ಕಿಯೊಂದೇ ಕಾವು ಕೊಡುತ್ತದೆ. ಗಂಡುಹಕ್ಕಿ ಪ್ರಣಯಕಾಲದಲ್ಲಿ ಬಯಲಿನ ಎತ್ತರದ ಸ್ಥಳದಲ್ಲಿ ನಿಂತು, ಕೊರಳಿನ ಚೀಲವನ್ನು ಉಬ್ಬಿಸಿ ಕಾಲಿನವರೆಗೂ ಇಳಿಬಿಟ್ಟು, ಬಹುದೂರ ಕೇಳುವ ಗಂಭೀರವಾದ ದನಿಯನ್ನು ಹೊರಡಿಸುತ್ತದೆ. ಅದನ್ನು ಹೆಣ್ಣು ದೂರದಿಂದ ಕಾಣಬೇಕು. ಶತ್ರುವನ್ನು ಎರಡೂ ದೂರದಿಂದ ಕಾಣಬೇಕು. ಆದಕಾರಣ ತಡೆಯಿಲ್ಲದ ದೃಷ್ಟಿಪಥವೇ ಈ ಹಕ್ಕಿಯ ಮನೆ. ಬಯಲಿನಲ್ಲಿ ಮರ ನೆಟ್ಟರೆ ಬೇರೆ ಹಕ್ಕಿಗಳಿಗೆ ಆಶ್ರಯವಾದೀತು. ಎರೆಭೂತಕ್ಕೆ ಅದು ಮನೆಯನ್ನು ಕೆಡವಿದಂತೆ.

ಹೆಸರುಗಳನ್ನು ಸ್ವಲ್ಪ ಗಮನಿಸುವುದು ಉಚಿತ. ಎರೆ ಎಂದರೆ ಕಪ್ಪುಮಣ್ಣಿನ ಭೂಮಿ. ಹಕ್ಕಿಯನ್ನು ಅದರ ಬಣ್ಣದಿಂದಲೋ ಕೂಗಿನಿಂದಲೋ ಗುರುತಿಸದೆ ಅದರ ನೆಲದಿಂದ ಗುರುತಿಸಿದವರು ನಮ್ಮ ಬಯಲುಸೀಮೆಯ ಜನ. ಮರಾಠಿಯ ಹೆಸರಿನಲ್ಲಿರುವ ಮಾಳ ಶಬ್ದವೂ ತೆರೆದ ನೆಲವನ್ನೇ ಹೇಳುತ್ತದೆ. ನಮ್ಮ ಗೋಮಾಳದಲ್ಲಿರುವುದೂ ಆ ಮಾಳವೇ. ನೆಲೆಯನ್ನು ಬಿಟ್ಟು ಹಕ್ಕಿಯಿಲ್ಲ ಎಂಬ ತತ್ತ್ವವನ್ನು ಆಧುನಿಕ ಪ್ರಾಣಿವಿಜ್ಞಾನವು ಗ್ರಂಥಗಳಲ್ಲಿ ಪ್ರತಿಪಾದಿಸುವ ಮೊದಲೇ ಕುರಿಗಾಹಿಗಳೂ ದನಗಾಹಿಗಳೂ ಒಂದು ಹೆಸರಿನಲ್ಲಿ ಹೇಳಿಬಿಟ್ಟಿದ್ದರು.

2

ಇಂತಹ ಹಕ್ಕಿಗೆ ನಮ್ಮ ಕಾವ್ಯದಲ್ಲಿ ಸ್ಥಾನ ದೊರೆಯಲಿಲ್ಲವೇಕೆ? ಮಾರ್ಗಕಾವ್ಯದ ಅಷ್ಟಾದಶ ವರ್ಣನೆಗಳನ್ನು ನೆನೆಯೋಣ. ಸಮುದ್ರ, ಶೈಲ, ಪುರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮೊದಲಾದುವು ಅಲ್ಲಿವೆ. ಹುಲ್ಲಿನ ಬಯಲು ಅಲ್ಲಿಲ್ಲ. ಕವಿಸಮಯದ ಹಕ್ಕಿಗಳೂ ನಿಯತವಾದವು: ಚಂದ್ರಿಕೆಯನ್ನು ಸೇವಿಸುವ ಚಕೋರ, ಮಳೆಹನಿಗೆ ಬಾಯ್ದೆರೆಯುವ ಚಾತಕ, ಹಾಲುನೀರನ್ನು ವಿಂಗಡಿಸುವ ಹಂಸ, ಇರುಳಿನಲ್ಲಿ ಅಗಲುವ ಚಕ್ರವಾಕ. ಗಿಳಿ, ಕೋಗಿಲೆ, ನವಿಲುಗಳಂತೂ ಸರಿಯೇ. ಚಂಪೂಕವಿಗಳ ಮಾರ್ಗವನ್ನು ತೊರೆದು ಸ್ವಾನುಭವದ ನುಡಿಯನ್ನು ಹಿಡಿದ ಅಕ್ಕಮಹಾದೇವಿಯೂ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಪಕ್ಷಿಗಳನ್ನು ಪ್ರಶ್ನಿಸುವಾಗ ಪರಿಚಿತವಾದ ಗಿಳಿ ಕೋಗಿಲೆ ನವಿಲುಗಳನ್ನೇ ಕರೆಯುತ್ತಾಳೆ. ಇದನ್ನು ದೋಷವೆಂದು ಎಣಿಸುವುದು ಅವಿವೇಕ. ಅವಳ ಹಂಬಲದ ತೀವ್ರತೆಗೆ ಆ ಹೆಸರುಗಳೇ ಸಾಕು. ಕಾವ್ಯಪರಂಪರೆಯು ಕೆಲವು ಹಕ್ಕಿಗಳಿಗೆ ಮಾತ್ರ ಮಾತಿನ ಲೋಕದಲ್ಲಿ ಪ್ರವೇಶ ನೀಡಿತ್ತು ಎಂಬುದಷ್ಟೇ ಇಲ್ಲಿ ಗ್ರಾಹ್ಯ.

ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆಯ ಪ್ರಕರಣವನ್ನು ಇದರೊಡನೆ ಇಟ್ಟು ನೋಡಬಹುದು. ಬೆಳೆಯನ್ನು ಹಾಳುಗೆಡಹುವ ಮೃಗಪಕ್ಷಿಗಳ ಬಾಧೆಯನ್ನು ನಿವಾರಿಸುವುದಕ್ಕಾಗಿ ಅರಸನು ಬೇಟೆಗೆ ಹೊರಡುತ್ತಾನೆ. ಪ್ರಜೆಗಳ ಹೊಲ ಒಂದೆಡೆ, ಕಾಡಿನ ಜೀವಿ ಇನ್ನೊಂದೆಡೆ. ನಡುವೆ ಅರಸನ ಬಿಲ್ಲು. ಕವಿಯ ದೇಸಿಯ ಚೈತನ್ಯ ಇಲ್ಲಿ ಉಕ್ಕಿಹರಿದಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮೃಗವು ಇಲ್ಲಿ ಒಂದೋ ಬೆಳೆಯ ವೈರಿ, ಇಲ್ಲವೇ ಪರಾಕ್ರಮದ ಗುರಿ. ಅದಕ್ಕೆ ತನ್ನದೇ ಆದ ನೆಲೆಯೊಂದಿದೆ ಎಂಬ ಭಾವನೆಗೆ ಪ್ರಕರಣದಲ್ಲಿ ಎಡೆಯಿಲ್ಲ. ಅಂದಿನ ಕಾಲಕ್ಕೆ ಅದು ಸಹಜವೇ. ಕಾಡು ಅಪಾರವಾಗಿದ್ದಾಗ ಬೇಟೆ ಅದನ್ನು ಬರಿದುಮಾಡುತ್ತಿರಲಿಲ್ಲ.

ಕಾವ್ಯದಲ್ಲಿ ಸ್ಥಾನ ದೊರೆಯದಿದ್ದರೆ ಹಕ್ಕಿಗೇನು ನಷ್ಟ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಭಾರತಕ್ಕೆ ರಾಷ್ಟ್ರಪಕ್ಷಿಯೊಂದನ್ನು ಆರಿಸುವ ಸಂದರ್ಭದಲ್ಲಿ ಪ್ರಖ್ಯಾತ ಪಕ್ಷಿತಜ್ಞ ಸಲೀಂ ಅಲಿಯವರು ಎರೆಭೂತದ ಪರವಾಗಿ ವಾದಿಸಿದರು. ಅದು ಈ ದೇಶದ ವಿಶಿಷ್ಟ ಪಕ್ಷಿ, ಅದಕ್ಕೆ ರಕ್ಷಣೆಯ ಅಗತ್ಯವಿದೆ ಎಂಬುದು ಅವರ ಆಶಯ. 1963ರಲ್ಲಿ ಆಯ್ಕೆಯಾದುದು ನವಿಲು. ಎರೆಭೂತದ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಅಸಭ್ಯ ಪದವಾದೀತೆಂಬ ಅಂಜಿಕೆಯೂ ಕಾರಣವಾಯಿತೆಂದು ಹೇಳುವುದುಂಟು. ಅದು ಹೇಗೇ ಇರಲಿ, ನವಿಲಿನ ಬೆನ್ನಿಗೆ ಪುರಾಣವಿತ್ತು, ಶಿಲ್ಪವಿತ್ತು, ಕಾವ್ಯವಿತ್ತು. ಎರೆಭೂತದ ಬೆನ್ನಿಗೆ ಒಬ್ಬ ವಿಜ್ಞಾನಿಯಿದ್ದರು. ಸಂಸ್ಕೃತಿಯ ಸ್ಮೃತಿಯಲ್ಲಿ ಬೇರೂರದ ಜೀವಿಗೆ ನಾಗರಿಕ ಸಮಾಜದಲ್ಲಿ ಸಾಕ್ಷಿ ನುಡಿಯುವವರಿಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ.

3

ಕಾವ್ಯವು ಮೌನವಾಗಿದ್ದ ಎಡೆಯಲ್ಲಿ ಕಂದಾಯದ ಕಡತ ಮಾತನಾಡಿತು. ನೆಲವನ್ನು ಹೆಸರಿಸುವ ನಮ್ಮ ಪದಗಳಲ್ಲಿ ಎರಡು ವರ್ಗಗಳಿವೆ. ಕಾವಲು, ಹುಲ್ಲುಗಾವಲು, ಗೋಮಾಳ ಇವು ಉಪಯೋಗದಿಂದ ಹುಟ್ಟಿದ ಮಾತುಗಳು. ಇಲ್ಲಿ ದನವಿದೆ, ಹುಲ್ಲಿದೆ, ಕಾಯುವವನಿದ್ದಾನೆ. ಬಂಜರು, ಖರಾಬು ಇವು ವಸೂಲಿಯಿಂದ ಹುಟ್ಟಿದ ಮಾತುಗಳು. ಖರಾಬು ಎಂದರೆ ಕೆಟ್ಟದ್ದು. ಉತ್ತು ಬಿತ್ತಿ ತೆರಿಗೆ ಕೊಡದ ನೆಲ ಸರ್ಕಾರದ ಲೆಕ್ಕದಲ್ಲಿ ಕೆಟ್ಟ ನೆಲವಾಯಿತು. ಈ ಪದ ಕಡತದಿಂದ ಆಡುಮಾತಿಗೆ, ಆಡುಮಾತಿನಿಂದ ಯೋಚನೆಗೆ ಇಳಿಯಿತು. ಸ್ವಾತಂತ್ರ್ಯಾನಂತರವೂ ಅದು ಅಳಿಯಲಿಲ್ಲ. 1985ರಲ್ಲಿ ಕೇಂದ್ರದಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಗೊಂಡಿತು. 2000ದಿಂದ ಪ್ರಕಟವಾಗುತ್ತ ಬಂದಿರುವ ದೇಶದ ಬಂಜರುಭೂಮಿ ನಕ್ಷೆಗಳಲ್ಲಿ ಹುಲ್ಲು ಕುರುಚಲುಗಳ ವಿಸ್ತಾರ ಪ್ರದೇಶಗಳೂ ಸೇರಿಹೋಗಿವೆ. ಬಂಜರೆಂದು ಕರೆದ ಮೇಲೆ ಅದನ್ನು ತುಂಬುವುದು ಪುಣ್ಯಕಾರ್ಯವಾಗುತ್ತದೆ. ಮರ ನೆಡುವುದು ಒಂದು ಬಗೆಯ ತುಂಬುವಿಕೆ, ಕಾರ್ಖಾನೆ ಇನ್ನೊಂದು ಬಗೆ, ಸೌರಫಲಕ ಮತ್ತೊಂದು ಬಗೆ.

ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳ ಇತಿಹಾಸ ಇದಕ್ಕೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಪ್ರಸಿದ್ಧವಾದ ದನಗಳ ಮೇವಿಗಾಗಿ ಲಕ್ಷಗಟ್ಟಲೆ ಎಕರೆ ಹುಲ್ಲುನೆಲ ಕಾಯ್ದಿರಿಸಲ್ಪಟ್ಟಿತ್ತು. ಇಂದು ಉಳಿದಿರುವುದು ಅದರ ಅಲ್ಪಭಾಗ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಈ ಶತಮಾನದಲ್ಲಿ ರಕ್ಷಣಾ ಹಾಗೂ ವೈಜ್ಞಾನಿಕ ಸಂಸ್ಥೆಗಳ ಪಾಲಾಯಿತು. ಆ ಸಂಸ್ಥೆಗಳ ಉಪಯುಕ್ತತೆ ಇಲ್ಲಿ ಚರ್ಚೆಯ ವಿಷಯವಲ್ಲ. ಇಷ್ಟು ನೆಲವನ್ನು ಒಮ್ಮೆಗೇ ಕೊಡಲು ಸಾಧ್ಯವಾದದ್ದು ಅದು ಖಾಲಿಯೆಂಬ ನಂಬಿಕೆಯಿಂದ. ಅಲ್ಲಿ ಮೇಯುತ್ತಿದ್ದ ಕುರಿದನಗಳೂ ಅವನ್ನು ನಂಬಿದ ಹಳ್ಳಿಗಳೂ ಆ ನಂಬಿಕೆಗೆ ಕಾಣಿಸಲಿಲ್ಲ ಎಂಬುದೇ ಚಿಂತನೀಯ.

ರಾಣೆಬೆನ್ನೂರಿನ ಪ್ರಸಂಗ ಇನ್ನೂ ಮಾರ್ಮಿಕವಾಗಿದೆ. 1974ರಲ್ಲಿ ಅಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಘೋಷಿತವಾಯಿತು. ವಿಸ್ತಾರ ಸುಮಾರು 119 ಚದರ ಕಿಲೋಮೀಟರ್. ಎರೆಭೂತವೂ ಅಲ್ಲಿನ ನಿವಾಸಿಯಾಗಿತ್ತು. ಆದರೆ ಅಲ್ಲಿನ ಬಹುಭಾಗ ನೀಲಗಿರಿಯ ನೆಡುತೋಪಾಗಿ ಮಾರ್ಪಟ್ಟಿತ್ತು. ಸಸಿಗಳು ಎಳೆಯದಾಗಿದ್ದಾಗ ನಡುವೆ ಹುಲ್ಲು ಉಳಿದಿದ್ದು ಹಕ್ಕಿಗೆ ಹೇಗೋ ಸಾಗಿತು. ಮರ ಬೆಳೆದು ದೃಷ್ಟಿ ಮುಚ್ಚಿದಂತೆ ಅದು ಅಲ್ಲಿಂದ ಕಣ್ಮರೆಯಾಯಿತು. ಕೊಡಲಿಯಿಂದ ನಾಶವಾದ ಕಾಡಿನ ಕಥೆ ನಮಗೆ ಗೊತ್ತು. ಗಿಡ ನೆಡುವುದರಿಂದ ನಾಶವಾದ ನೆಲೆಯ ಕಥೆ ಇದು. ಇದನ್ನು ಮನಗಾಣುವುದಕ್ಕೆ ಕಣ್ಣು ಬೇರೆಯೇ ಆಗಬೇಕು. ತುಮಕೂರು ಸೀಮೆಯ ರೈತರು 1980ರ ದಶಕದಲ್ಲಿ ನೀಲಗಿರಿಯ ಸಸಿಗಳನ್ನು ಕಿತ್ತು ಪ್ರತಿಭಟಿಸಿದಾಗ ಅವರನ್ನು ಹಸುರಿನ ವೈರಿಗಳೆಂದು ಕರೆಯುವುದು ಸುಲಭವಾಗಿತ್ತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

4

ಹಾಗಾದರೆ ಬೇಲಿ ಹಾಕಿ, ಕಾನೂನು ಮಾಡಿ ಕಾಯ್ದರೆ ಸಾಲದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಎರೆಭೂತವು ಮೊದಲನೆಯ ಅನುಸೂಚಿಯಲ್ಲಿಯೇ ಸೇರಿದೆ. ಬೇಟೆ ನಿಷಿದ್ಧವಾಗಿದೆ. ಆದರೂ 1969ರಲ್ಲಿ ದೇಶದಲ್ಲಿ ಸುಮಾರು 1,260ರಷ್ಟಿದ್ದವೆಂದು ಅಂದಾಜಾಗಿದ್ದ ಈ ಹಕ್ಕಿಗಳು 2018ರ ವೇಳೆಗೆ ನೂರೈವತ್ತರ ಆಸುಪಾಸಿಗೆ ಇಳಿದಿದ್ದವು. ಅವುಗಳಲ್ಲಿಯೂ ಬಹುಪಾಲು ಜೈಸಲ್ಮೇರಿನ ಮರುಭೂಮಿಯಲ್ಲಿ. 2011ರಿಂದ ಜಾಗತಿಕ ಪಟ್ಟಿಯಲ್ಲಿ ಇದು ತೀವ್ರ ಅಪಾಯಕ್ಕೊಳಗಾದ ಜೀವಿಯೆಂದು ಪರಿಗಣಿತವಾಗಿದೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಎರೆ ಬಯಲಿನಲ್ಲಿ ಈ ಶತಮಾನದಲ್ಲಿಯೂ ಕೆಲವು ಕಂಡುಬಂದಿವೆ. ಅವುಗಳ ಸಂಖ್ಯೆ ಬೆರಳೆಣಿಕೆಯನ್ನು ಮೀರದು.

ಬೇಲಿಯ ವಿಫಲತೆಗೆ ಎರಡು ನಿದರ್ಶನಗಳು ಸಾಕು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯ ರಚಿತವಾಯಿತು. ಅದರೊಳಗೆ ಜನರ ಸ್ವಂತ ಹೊಲಗಳೂ ಸೇರಿಹೋದುವು. ಜಮೀನನ್ನು ಮಾರಲು ನಿರ್ಬಂಧ ಬಂದಿತು. ಹಕ್ಕಿಯ ಬಗೆಗೆ ಉದಾಸೀನರಾಗಿದ್ದ ಜನ ಅದರ ದ್ವೇಷಿಗಳಾದರು. 1990ರ ದಶಕದಲ್ಲಿ ಹಕ್ಕಿ ಅಲ್ಲಿಂದ ಅಳಿದುಹೋಯಿತು. ಕರ್ನೂಲು ಸೀಮೆಯ ರೊಳ್ಳಪಾಡಿನಲ್ಲಿ ರಕ್ಷಣೆಯ ಫಲವಾಗಿ ಕೃಷ್ಣಮೃಗಗಳ ಸಂಖ್ಯೆ ಬೆಳೆದು, ಸುತ್ತಲಿನ ರೈತರ ಬೆಳೆ ಹಾಳಾಗಿ, ಅಭಯಾರಣ್ಯವೆಂದರೆ ಬಾಧೆಯೆಂಬ ಭಾವನೆ ಬೇರೂರಿತು. ಅಲ್ಲಿಯೂ ಎರೆಭೂತದ ಸಂತತಿ ಉಳಿಯಲಿಲ್ಲ. ರಾಘವಾಂಕನು ಚಿತ್ರಿಸಿದ ಹೊಲ ಮತ್ತು ಮೃಗಗಳ ವಿರೋಧ ಇಂದಿಗೂ ಬಗೆಹರಿದಿಲ್ಲವೆಂದಾಯಿತು. ಅರಸನ ಬಿಲ್ಲಿನ ಬದಲು ಸರ್ಕಾರದ ಬೇಲಿ ಬಂದಿದೆ. ಪ್ರಜೆಯ ಸಂಕಟವನ್ನು ಕೇಳುವ ಕಿವಿಯೊಂದು ಮಾತ್ರ ನಡುವೆ ಲೋಪವಾಗಿದೆ.

ಇನ್ನೊಂದು ಸಂಕಟ ಈಚಿನದು. ಬಯಲಿನ ಬಿಸಿಲು ಗಾಳಿಗಳಿಂದ ವಿದ್ಯುತ್ತನ್ನು ಪಡೆಯುವ ಯೋಜನೆಗಳು ಅದೇ ಬಯಲಿನಲ್ಲಿ ತಂತಿಗಳನ್ನು ಎಳೆದಿವೆ. ಎರೆಭೂತದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಹಾರುವಾಗ ನೇರ ಮುಂದಿನ ದೃಷ್ಟಿ ಕಿರಿದು, ದೇಹ ಭಾರ. ತಂತಿ ಹತ್ತಿರವಾದ ಮೇಲೆ ಕಂಡರೂ ಥಟ್ಟನೆ ಹೊರಳಲಾರದು. 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನ ಗುಜರಾತುಗಳ ಆವಾಸಪ್ರದೇಶಗಳಲ್ಲಿ ತಂತಿಗಳನ್ನು ಭೂಗತಗೊಳಿಸುವ ಬಗೆಗೆ ಆದೇಶ ನೀಡಿತು. 2024ರ ಮಾರ್ಚಿಯಲ್ಲಿ, ವಾಯುಗುಣದ ವಿಪತ್ತನ್ನು ತಡೆಯುವ ಅಗತ್ಯವನ್ನೂ ಪರಿಗಣಿಸಿ, ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಒಳಿತಿಗೂ ಕೆಡುಕಿಗೂ ನಡುವೆ ಆರಿಸುವುದು ಸುಲಭ. ಎರಡು ಒಳಿತುಗಳ ನಡುವೆ ಆರಿಸಬೇಕಾದಾಗಲೇ ವಿವೇಕದ ಪರೀಕ್ಷೆ. ಜೈಸಲ್ಮೇರಿನಲ್ಲಿ 2019ರಿಂದ ನಡೆದಿರುವ ಮೊಟ್ಟೆಮರಿಗಳ ಸಾಕಣೆ ಆಶಾದಾಯಕವಾದದ್ದು. ಆದರೆ ಸಾಕಿದ ಹಕ್ಕಿಯನ್ನು ಒಂದು ದಿನ ಬಿಡಲು ಬಯಲೇ ಇಲ್ಲವಾದರೆ ಆ ಶ್ರಮಕ್ಕೆ ಅರ್ಥವೇನು?

5

ಈಗ ಸಾಹಿತ್ಯಕ್ಕೆ ಮರಳೋಣ. ಹೊಸಗನ್ನಡ ಸಾಹಿತ್ಯವು ನಿಸರ್ಗವನ್ನು ಅಪೂರ್ವವಾಗಿ ಕಂಡಿದೆ. ಶಿವರಾಮ ಕಾರಂತರ ಬೆಟ್ಟದ ಜೀವ (1943) ಕಾದಂಬರಿಯ ಗೋಪಾಲಯ್ಯನವರು ಕಾಡನ್ನು ಪಳಗಿಸಿ ತೋಟ ಮಾಡಿದ ಛಲಗಾರರು. ಅಲ್ಲಿ ಹುಲಿ ಆನೆಗಳು ಬಾಳಿನ ಎದುರಾಳಿಗಳು. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಕೃತಿಯಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲದೆ ಮನುಷ್ಯ, ನಾಯಿ, ಮರ, ಮಳೆ ಎಲ್ಲವೂ ಒಂದೇ ಬಾಳಿನ ಅಂಗಗಳಾಗಿವೆ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (1980) ಕೃತಿಯಲ್ಲಿ ಹಾರುವ ಓತಿಯನ್ನು ಅರಸಿ ಹೋದವರ ಕೈಗೆ ಅದು ಕಡೆಗೂ ಸಿಕ್ಕುವುದಿಲ್ಲ. ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಪಳಗಿಸಬೇಕಾದ ಕಾಡು, ಕೂಡಿ ಬಾಳುವ ಕಾಡು, ಕೈಗೆ ನಿಲುಕದ ವಿಸ್ಮಯವಾಗಿ ಉಳಿಯುವ ಕಾಡು ಎಂಬ ಈ ಮೂರು ಮೆಟ್ಟಿಲುಗಳಲ್ಲಿ ಕನ್ನಡದ ಪ್ರಜ್ಞೆ ಸುಮಾರು ನಾಲ್ಕು ದಶಕಗಳಲ್ಲಿ ಬಹುದೂರ ನಡೆದಿದೆ.

ಆದರೆ ಮೂರೂ ಮಲೆಯ ಸೀಮೆಯ ಕಾಡುಗಳೇ ಎಂಬುದನ್ನು ಗಮನಿಸಬೇಕು. ನಿಸರ್ಗವೆಂದ ಕೂಡಲೆ ಕನ್ನಡ ಓದುಗನ ಕಣ್ಣಮುಂದೆ ನಿಲ್ಲುವುದು ಮಳೆಗಾಲದ ಹಸುರು. ಬಯಲುಸೀಮೆ ಕಾದಂಬರಿಗಳಿಗೆ ಬಂದಾಗ ಬರವಾಗಿ, ಬಡತನವಾಗಿ, ಊರ ರಾಜಕಾರಣವಾಗಿ ಬರುತ್ತದೆ. ಅದು ಸತ್ಯವೇ. ಆದರೆ ಅಷ್ಟೇ ಸತ್ಯವಲ್ಲ. ಮುಂಗಾರಿನ ಎರಡು ಮಳೆಗೆ ಒಣನೆಲದಿಂದ ಎದ್ದುಬರುವ ಹುಲ್ಲಿನ ಜಾತಿಗಳು, ಅವನ್ನು ನಂಬಿದ ಕೃಷ್ಣಮೃಗ, ತೋಳ, ಗುಳ್ಳೆನರಿ, ಎರೆಭೂತ ಇವುಗಳ ಬಾಳನ್ನು ಕಾರಂತರ ತಾಳ್ಮೆಯಿಂದ, ತೇಜಸ್ವಿಯವರ ಕುತೂಹಲದಿಂದ ನೋಡಿದ ದೊಡ್ಡ ಕೃತಿ ಬಯಲಿನಿಂದ ಇನ್ನೂ ಬರಬೇಕಾಗಿದೆ. ಜನಪದ ಕಾವ್ಯ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಕಾಡುಗೊಲ್ಲರು ಗಣೆಯ ನಾದದೊಡನೆ ಹಾಡುವ ಜುಂಜಪ್ಪನ ಕಾವ್ಯದಲ್ಲಿ ನಾಯಕನು ದನಗಾಹಿ. ಹುಲ್ಲು ನೀರುಗಳನ್ನು ಅರಸಿ ನಡೆವ ತುರುಗಳೇ ಅವನ ಐಶ್ವರ್ಯ. ಆ ಕಾವ್ಯಕ್ಕೆ ಬಯಲು ಬಂಜರಲ್ಲ. ಅದು ತುಂಬಿದ ಮನೆ.

ಈ ಸಂದರ್ಭದಲ್ಲಿ ವಚನಸಾಹಿತ್ಯದ ಒಂದು ಶಬ್ದವನ್ನು ನೆನೆಯದಿರಲು ಸಾಧ್ಯವಿಲ್ಲ. ಬಯಲು ಎಂಬುದು ಅಲ್ಲಮಪ್ರಭುವಿನ ವಚನಗಳಲ್ಲಿ ಪರಮಾರ್ಥಸೂಚಕವಾದ ಪದ. ಆ ತಾತ್ತ್ವಿಕ ಬಯಲನ್ನು ಭೂಗೋಳದ ಬಯಲಿಗೆ ಗಂಟುಹಾಕಿ, ಶರಣರು ಹುಲ್ಲುಗಾವಲಿನ ರಕ್ಷಣೆಯನ್ನು ಬೋಧಿಸಿದರೆಂದು ಹೇಳುವುದು ಶಾಸ್ತ್ರೀಯವಲ್ಲ, ಪ್ರಾಮಾಣಿಕವೂ ಅಲ್ಲ. ಆದರೆ ಶಬ್ದದ ಆಯ್ಕೆಯಲ್ಲಿ ಅನುಭವದ ಬೇರು ಇದ್ದೇ ಇರುತ್ತದೆ. ಶೂನ್ಯವೆಂಬ ಸಂಸ್ಕೃತ ಶಬ್ದ ಕೈಯಲ್ಲಿದ್ದರೂ ಕನ್ನಡದ ಅನುಭಾವಿಗಳು ಬಯಲೆಂಬ ನೆಲದ ಮಾತನ್ನು ಎತ್ತಿಕೊಂಡರು. ಅಡೆತಡೆಯಿಲ್ಲದೆ ಕಣ್ಣು ಹಾಯುವ ವಿಸ್ತಾರವನ್ನು ಕಂಡವರಿಗೆ ಮಾತ್ರ ಆ ಶಬ್ದದಲ್ಲಿ ಅಭಾವದ ಬದಲು ಪೂರ್ಣತೆ ಹೊಳೆಯಬಲ್ಲದು. ಬಯಲನ್ನು ಪೂರ್ಣವೆಂದು ಕಂಡ ನುಡಿಯಲ್ಲಿಯೇ ಬಯಲಿಗೆ ಬಂಜರೆಂಬ ಹೆಸರು ನೆಲೆನಿಂತದ್ದು ನಮ್ಮ ಭಾಷಾಚರಿತ್ರೆಯ ಒಂದು ವಿಪರ್ಯಾಸ.

6

ಸಾಹಿತ್ಯವು ಸಂರಕ್ಷಣೆಯ ಸಾಧನವಾಗಬೇಕೆ, ಹಾಗಾದರೆ ಅದು ಪ್ರಚಾರವಾಗದೆ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಬೇಕಾಗುತ್ತದೆ. ಎರೆಭೂತವನ್ನು ಉಳಿಸಿರೆಂದು ಪದ್ಯ ಬರೆಯುವುದು ಸಾಹಿತ್ಯದ ಕೆಲಸವಲ್ಲ. ಕಂಡದ್ದನ್ನು ನಿಜವಾಗಿ ಕಾಣುವುದು, ಕಂಡದ್ದಕ್ಕೆ ತಕ್ಕ ಮಾತನ್ನು ಹುಡುಕುವುದು ಅದರ ಕೆಲಸ. ಹಲವು ಹೆಸರುಗಳಿದ್ದ ಹಕ್ಕಿಗೆ ಹೆಸರೇ ತಿಳಿಯದ ಪೀಳಿಗೆ ಬಂದಿದೆಯೆಂದರೆ ನಷ್ಟವಾದದ್ದು ಹಕ್ಕಿಯೊಂದೇ ಅಲ್ಲ. ಕನ್ನಡವೂ ಅಷ್ಟರಮಟ್ಟಿಗೆ ಬಡವಾಯಿತು. ವಿಮರ್ಶೆಯ ಕೆಲಸವೂ ಇಲ್ಲಿಯೇ ಇದೆ. ಬಂಜರು, ಅಭಿವೃದ್ಧಿ, ಹಸುರೀಕರಣ ಮುಂತಾದ ಪದಗಳು ಪ್ರಶ್ನೆಯಿಲ್ಲದೆ ಚಲಾವಣೆಯಾಗುವಾಗ ಅವುಗಳ ಹಿನ್ನೆಲೆಯನ್ನು ಶೋಧಿಸುವುದು ಶಬ್ದವಿವೇಕವುಳ್ಳವರ ಕರ್ತವ್ಯ.

ಇದರಿಂದ ವ್ಯವಹಾರದಲ್ಲಿ ಏನು ಫಲಿಸಬೇಕೆಂಬುದೂ ಸ್ಪಷ್ಟವೇ. ಮರವಿಲ್ಲದ ನೆಲವೆಲ್ಲ ಮರಕ್ಕಾಗಿ ಕಾದಿಲ್ಲ. ಹುಲ್ಲುಗಾವಲಿಗೆ ಅದರ ಹೆಸರನ್ನು ಮರಳಿ ಕೊಡಬೇಕು. ದನಕುರಿಗಳ ಮಿತವಾದ ಮೇವು, ಮಳೆಯಾಶ್ರಿತ ಬೇಸಾಯ, ಹಕ್ಕಿಯ ಸಂತಾನಕಾಲದಲ್ಲಿ ನೆಲಕ್ಕೆ ವಿಶ್ರಾಂತಿ, ಬೆಳೆಹಾನಿಗೆ ವಿಳಂಬವಿಲ್ಲದ ಪರಿಹಾರ ಇವು ಒಂದೇ ವ್ಯವಸ್ಥೆಯ ಅಂಗಗಳಾಗಬೇಕು. ರೈತನನ್ನೂ ಕುರಿಗಾಹಿಯನ್ನೂ ಹೊರಗಿಟ್ಟು ಮಾಡಿದ ರಕ್ಷಣೆ ಉಳಿಯುವುದಿಲ್ಲವೆಂಬುದಕ್ಕೆ ಕರೇರಾ ಸಾಕ್ಷಿಯಾಗಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಗಾತ್ರದಲ್ಲಿ ಚಿಕ್ಕದು. ಆದರೆ ಹುಲ್ಲಿನ ಬಯಲು ತನ್ನ ಹಕ್ಕಿನಿಂದಲೇ ರಕ್ಷಣೆಗೆ ಅರ್ಹವೆಂಬ ಮಾತನ್ನು ಅದು ಒಪ್ಪಿಕೊಂಡಿದೆ.

ಸಿರುಗುಪ್ಪದ ಎರೆಯಲ್ಲಿ ಉಳಿದಿರಬಹುದಾದ ಹಕ್ಕಿಗಳ ಸಂಖ್ಯೆ ಒಂದು ಸಂತತಿಯನ್ನು ಬೆಳೆಸಲು ಸಾಲುವಷ್ಟಿದೆಯೆಂದು ಧೈರ್ಯವಾಗಿ ಹೇಳುವಂತಿಲ್ಲ. ಆದರೆ ನೆಲ ಇನ್ನೂ ಇದೆ. ಅದನ್ನು ಎರೆಯೆಂದು ಕರೆಯುವ ಜನರೂ ಇದ್ದಾರೆ. ಆ ಜನರ ಮಾತನ್ನು ಕೇಳಿ, ಆ ನೆಲವನ್ನು ನಡೆದು ನೋಡಿ ಬರೆಯುವ ತರುಣ ಲೇಖಕರು ಬಯಲುಸೀಮೆಯ ಶಾಲೆ ಕಾಲೇಜುಗಳಿಂದ ಹೊರಬರಬೇಕಾಗಿದೆ. ಸಾಹಿತ್ಯದ ವಿದ್ಯಾರ್ಥಿಗಳು ತಮ್ಮ ಊರಿನ ಹುಲ್ಲಿನ, ಹಕ್ಕಿಯ, ಕಾವಲಿನ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟರೂ ಅದು ಸಣ್ಣ ಕೆಲಸವಲ್ಲ. ಎರೆಭೂತವೆಂಬುದು ನಿಘಂಟಿನ ಒಂದು ಶಬ್ದವಾಗಿ ಮಾತ್ರ ಉಳಿಯುವ ಮುನ್ನ ಈ ಕೆಲಸ ನಡೆಯಬೇಕು.